ಬೆಳಕು ದಾಟುವ ತನಕ

ಜಾನೇವರಿ ೧೭, ೧೯೪೪. ಹಳಿಯಾಳ

ಎರಡು ಸಲ ಜಳಕ ಮಾಡಿದರೂ ಉಗುರಿನ ಸಂದಿಯ ಇದ್ದಲಿ ಹೋಗಲಿಲ್ಲ. ನಮ್ಮೂರು ಮಳಗಿಯ ಸಾಲೆಯಲ್ಲಿದ್ದಾಗ ಕೈಗೆ ಸುಣ್ಣದ ಕಡ್ಡಿಯ ಬಿಳಿ ಹತ್ತುತ್ತಿತ್ತು. ಬದಲಿ ಮಾಸ್ತರನ ಜಾಗ ಮುಗಿದದ್ದೇ ತಡ, ಈ ಕರಿ ಬಂತು. ನಾನು ಮೋಟಾರಿನ ಕಂಡಕ್ಟರನಾದದ್ದನ್ನು ಅವ್ವನಿಗೆ ಇನ್ನೂ ತಿಳಿಸಿಲ್ಲ. ಹಳಿಯಾಳದಲ್ಲಿ ಕೆಲಸ ಸಿಕ್ಕಿದೆ ಎಂದಷ್ಟೇ ಹೇಳಿ ಬಂದಿದ್ದೇನೆ. ಮಳೆಗಾಲದೊಳಗೆ ಬೇರೆ ಏನಾದರೂ ನೋಡಿಕೊಳ್ಳಬೇಕು.

ಯುದ್ಧದ ದೆಸೆಯಿಂದ ಪೆಟ್ರೋಲು ಇಲ್ಲ. ಮಾಲಕ ಕರಿಬಸಪ್ಪನವರು ಗಾಡಿಯ ಹಿಂದೆ ಒಂದು ಕಬ್ಬಿಣದ ಒಲೆ ಕೂಡಿಸಿದ್ದಾರೆ. ಅದರಲ್ಲಿ ಇದ್ದಲಿ ಸುಟ್ಟು, ಆ ಗ್ಯಾಸಿನಿಂದಲೇ ಹಳಿಯಾಳ, ದಾಂಡೇಲಿ, ಜೋಯಿಡಾ ಅಂತ ಗಾಡಿ ಓಡಬೇಕು. ಬೆಳಿಗ್ಗೆ ಒಲೆ ಹೊತ್ತಿಸುವವನು ನಾನು, ಅದಕ್ಕೆ ಗಾಳಿ ಊದಲು ಪಂಖಾ ತಿರುವುವವನು ನಾನು. ಏರು ಬಂದರೆ ಜನರನ್ನು ಇಳಿಸಿ ನಡೆಸುವವನೂ ನಾನೇ. ಬೈಸಿಕೊಳ್ಳುವವನಂತೂ ನಾನೇ.

ಇವತ್ತು ಬೈಸಿಕೊಂಡದ್ದು ಡ್ರೈವರನ ದೆಸೆಯಿಂದ. ಹೆಸರು ಕಾಸಿಂಸಾಬ. ನಲವತ್ತು ದಾಟಿರಬಹುದು. ಮಾತು ಕಡಿಮೆ. ದಾಂಡೇಲಿ ಬಿಟ್ಟು ಸ್ವಲ್ಪ ದೂರ ಬಂದಿದ್ದೆವು. ನೆಟ್ಟಗಿನ ರಸ್ತೆ, ಏರಿಲ್ಲ, ತಿರುವಿಲ್ಲ. ಆತ ಸುಮ್ಮನೆ ಗಾಡಿ ಬದಿಗೆ ಹಚ್ಚಿದ, ಇಳಿದ, ಒಂದು ಮತ್ತಿಮರದ ಬುಡಕ್ಕೆ ಹೋಗಿ ಕಣ್ಣು ಮುಚ್ಚಿ ಕುಳಿತ. ಏನಾಯಿತೆಂದು ಕೇಳಿದೆ. "ಸ್ವಲ್ಪ ಕುಂದರ್ತೇನ್ರಿ ಮಾಸ್ತರ" ಎಂದ. ಅಷ್ಟೇ. ಜನ ನನ್ನ ಮೇಲೆ ಏರಿ ಬಂದರು. ಒಬ್ಬನಿಗೆ ಅಳ್ನಾವರದ ರೈಲು ತಪ್ಪಿತಂತೆ. ಸಾಕಷ್ಟು ಹೊತ್ತಾದ ಮೇಲೆ ಆತ ಎದ್ದು ಬಂದು ಏನೂ ಆಗದವನಂತೆ ಚಕ್ರ ಹಿಡಿದ. ಹತ್ತಿರ ಹೋಗಿ ಬಾಯಿಯ ವಾಸನೆ ನೋಡಿದೆ. ಇದ್ದಲಿಯ ವಾಸನೆಯ ಹೊರತು ಮತ್ತೇನಿರಲಿಲ್ಲ. ಕುಡಿದಿಲ್ಲ. ಹಾಗಾದರೆ ಸೊಕ್ಕು.

ಜಾನೇವರಿ ೨೯

ಆತ ಮತ್ತೆ ನಿಲ್ಲಿಸಿದ. ಈ ಸಲ ಹಳಿಯಾಳ ಕಣ್ಣಿಗೆ ಕಾಣುವಷ್ಟು ಹತ್ತಿರದಲ್ಲಿ. ಜನ ಗಂಟು ಹೊತ್ತು ನಡೆದೇಬಿಟ್ಟರು. ಮಾಲಕರಿಗೆ ಹೇಳಿಬಿಡಬೇಕು ಎಂದುಕೊಂಡೆ. ಆದರೆ ಸಂಜೆ ಗಾಡಿ ತೊಳೆಯುವಾಗ ನೋಡಿದರೆ ಆತ ಗೋಡೆಗೆ ತಲೆ ಒತ್ತಿ ನಿಂತಿದ್ದ, ಮುಖ ಬೂದಿಯಾಗಿತ್ತು. ವಾಂತಿ ಮಾಡಿಕೊಂಡ. ಮನೆಯ ತನಕ ಕೈ ಹಿಡಿದು ಬಿಟ್ಟುಬಂದೆ. ಹೆಂಡತಿ ರಹೀಮುನ್ನಿಸಾ ನನ್ನನ್ನು ಏನೂ ಕೇಳಲಿಲ್ಲ. ಕಿಡಕಿಗೆ ಒದ್ದೆ ಗೋಣಿತಟ್ಟು ಇಳಿಬಿಟ್ಟಳು, ಹಣೆಗೆ ಬಟ್ಟೆ ಬಿಗಿದಳು. ಬಹಳ ವರ್ಷಗಳ ರೂಢಿ ಇದ್ದ ಕೈ ಅದು.

ಫೆಬ್ರುವರಿ ೧

ಇವತ್ತು ಕಾಸಿಂಸಾಬರು ತಾವಾಗಿಯೇ ಹೇಳಿದರು. ಒಲೆ ಹೊತ್ತುವ ತನಕ ಇಬ್ಬರಿಗೂ ಬೇರೆ ಕೆಲಸವಿರಲಿಲ್ಲ.

"ನನಗ ಒಂದ ಬೆಳಕ ಬರ್ತೈತ್ರಿ ಮಾಸ್ತರ."

ಎಂಥ ಬೆಳಕು ಎಂದೆ.

"ಮೊದ್ಲ ಒಂದ ಚುಕ್ಕಿ. ಬಿಸಲಾಗ ಕನ್ನಡಿ ನೋಡಿ ಕಣ್ಣ ತಿರುವಿದ್ರ ಹೆಂಗ ಆಕ್ಕೈತಿ, ಹಂಗ. ಆಮ್ಯಾಲ ಅದಕ್ಕ ಗರಗಸದ ಹಲ್ಲಿನಂಗ ಅಂಚು ಮೂಡ್ತೈತಿ. ಮಿಣಮಿಣ ಅಂತ ಅಲಗ್ಯಾಡ್ತೈತಿ. ಬರಬರ್ತ ಕಮಾನಿನಂಗ ದೊಡ್ಡದಾಗಿ ಒಂದ ಕಡೆ ಸರಕೋಂತ ಹೊಕ್ಕೈತಿ. ಅದರ ಒಳಗ ಇದ್ದದ್ದು ಏನೂ ಕಾಣೂದಿಲ್ಲ. ಎದರಿಗೆ ಚಕ್ಕಡಿ ಬಂದ್ರ ಒಂದ ಎತ್ತು ಕಾಣ್ತೈತಿ, ಇನ್ನೊಂದು ಇರೂದ ಇಲ್ಲ."

"ಕಣ್ಣ ಮುಚ್ಚಿದ್ರ?"

"ಮುಚ್ಚಿದ್ರೂ ಇರ್ತೈತಿ. ಅದಕ್ಕ ಕಣ್ಣಿನ ಹಂಗಿಲ್ಲ."

ಅದು ನೋಟದ ಅಂಚು ದಾಟಿ ಹೋದ ಮೇಲೆ ಎಲ್ಲವೂ ಮೊದಲಿನಂತೆ ಸ್ವಚ್ಛ ಕಾಣುತ್ತದಂತೆ. ತಲೆನೋವು ಆಮೇಲಿನದು. ಎಷ್ಟು ಹೊತ್ತು ಇರುತ್ತದೆ ಎಂದರೆ, "ಕುಂತವಗ ಯುಗ. ಗಾಡಿಯೊಳಗ ಬೈಯೂ ಮಂದಿಗೆ ಅದಕ್ಕೂ ಹೆಚ್ಚು" ಎಂದು ನಕ್ಕರು.

ನನಗೆ ನಗು ಬರಲಿಲ್ಲ. ಹರೆಯದಿಂದಲೂ ಹೀಗೆಯಂತೆ. ಮನೆಯ ಹೊರಗೆ ಯಾರಿಗೂ ಹೇಳಿಲ್ಲ. ಡ್ರೈವರನಿಗೆ ಕಣ್ಣಿನ ದೋಷ ಇದೆ ಎಂದರೆ ಚಕ್ರ ಕೊಡುವವರು ಯಾರು? ಆದರೂ ಬೆಳಕು ಬಂದಾಗ ಒಂದು ಸಲವೂ ಗಾಡಿ ಓಡಿಸಿಲ್ಲ. "ಹಿಂದ ಕುಂತವ್ರು ನನ್ನ ಕಣ್ಣ ನಂಬಿ ಕುಂತಿರ್ತಾರ. ಕಣ್ಣ ಇಲ್ಲದಾಗ ಓಡಿಸಿದ್ರ ಅದು ಮೋಸ" ಎಂದರು. ಸೊಕ್ಕು ಎಂದು ಬರೆದದ್ದನ್ನು ಹೊಡೆದುಹಾಕೋಣ ಎನ್ನಿಸಿತು. ಇರಲಿ ಎಂದು ಬಿಟ್ಟೆ.

ಫೆಬ್ರುವರಿ ೧೩

ಏನೂ ವಿಶೇಷವಿಲ್ಲ. ಜೋಯಿಡಾದ ಏರಿನಲ್ಲಿ ಎಲ್ಲರೂ ತಳ್ಳಿದೆವು. ಹೆಗಲು ನೋವು.

ಫೆಬ್ರುವರಿ ೨೪. ಧಾರವಾಡದಿಂದ ಬಂದು

ಒಲೆ ರಿಪೇರಿಗೆ ಹೋಗಿದೆ, ಗಾಡಿಗೆ ರಜೆ. ಕಾಸಿಂಸಾಬರನ್ನು ಹೊರಡಿಸುವುದೇ ದೊಡ್ಡ ಕೆಲಸವಾಯಿತು. ಡಾಕ್ಟರರ ಬಳಿಗೆ ಬರಲು ಒಲ್ಲೆ ಒಲ್ಲೆ ಎಂದರು. ರಹೀಮುನ್ನಿಸಾ ಒಳಗಿನಿಂದಲೇ, "ಹೋಗಿ ಬರ್ರಿ. ಏನ ಅಂದ್ರೂ ಮನೀಗೆ ಬಂದ ಹೇಳ್ರಿ. ಒಬ್ರ ಇಟಗೋಬ್ಯಾಡ್ರಿ" ಎಂದಳು. ಆಗ ಟೊಪ್ಪಿಗೆ ಹಾಕಿಕೊಂಡರು.

ಡಾಕ್ಟರು ವಯಸ್ಸಾದವರು. ಕತ್ತಲೆ ಕೋಣೆಯಲ್ಲಿ ಕಣ್ಣೊಳಗೆ ದೀಪ ಹಿಡಿದು ನೋಡಿದರು, ಮೊಣಕಾಲಿಗೆ ಸುತ್ತಿಗೆಯಿಂದ ತಟ್ಟಿದರು, ಕೈ ಬಿಗಿ ಹಿಡಿಸಿದರು. ಬೆಳಕು ಒಮ್ಮೆಲೇ ಬರುತ್ತದೋ, ಸಾವಕಾಶ ಬೆಳೆಯುತ್ತದೋ ಎಂದು ಎರಡೆರಡು ಸಲ ಕೇಳಿದರು. ಸಾವಕಾಶ ಎಂದದ್ದಕ್ಕೆ ಅವರ ಮುಖ ಸಡಿಲಾಯಿತು.

"ಇದು ಕಣ್ಣಿನ ಬ್ಯಾನಿ ಅಲ್ಲ ಕಾಸಿಂಸಾಬ. ತಲಿಯೊಳಗಿಂದು. ಅರೆತಲೆನೋವು ಬರೂಕಿಂತ ಮೊದಲ ಕೆಲವರಿಗೆ ಹಿಂಗ ಬೆಳಕು ಕಾಣ್ತೈತಿ. ಭಾಳ ಮಂದಿಗೆ ಅರ್ಧ ತಾಸಿನ ಆಜೂಬಾಜೂ ಇರ್ತೈತಿ. ಹೆಚ್ಚಂದ್ರ ಒಂದು ತಾಸು. ಬಂದಂಗ ಹೊಕ್ಕೈತಿ, ಏನೂ ಗುರುತು ಬಿಡೂದಿಲ್ಲ."

"ಕಣ್ಣ ಹೋಗೂದಿಲ್ಲೇನ್ರಿ?" ಕಾಸಿಂಸಾಬರ ದನಿ ನನಗೆ ಗುರುತೇ ಸಿಗಲಿಲ್ಲ.

"ಇದರಿಂದ ಹೋಗೂದಿಲ್ಲ. ಆದ್ರ ಒಂದ ಮಾತು ಕೇಳ್ರಿ. ತಾಸು ಮೀರಿ ನಿಂತ್ರ, ಇಲ್ಲಾ ಪರದೆ ಬಿದ್ದಂಗ ಒಮ್ಮಿಗೇ ಬಂದ್ರ, ಕೈಕಾಲು ಸೋತ್ರ, ಮಾತು ತೊದಲಿದ್ರ, ಆಗ ದಾರಿ ನೋಡಬ್ಯಾಡ್ರಿ, ದವಾಖಾನಿಗೆ ಬರ್ರಿ. ಬೆಳಕು ಇರೂ ತನಕ ಗಾಡಿ ಮುಟ್ಟಬ್ಯಾಡ್ರಿ."

"ಬೆಳಕಿದ್ದಾಗ ಇವ್ರು ಗಾಡಿ ಮುಟ್ಟೇ ಇಲ್ರಿ" ಎಂದೆ ನಾನು. ನನಗೇ ಯಾಕೋ ಹೆಮ್ಮೆ.

ಸ್ಟೇಶನ್ನಿನ ಹೊರಗೆ ಚಾ ಕುಡಿಯುವಾಗ ಕಾಸಿಂಸಾಬರು ಕೈಯೊಳಗಿನ ಬಸಿಯನ್ನೇ ನೋಡುತ್ತ ಕುಳಿತರು. ಚಾ ಆರಿ ಕೆನೆಗಟ್ಟಿತು. "ಇಷ್ಟ ವರ್ಷ, ಪ್ರತಿ ಸಲಾ ಇದ ಕೊನೀದು ಅನ್ಕೋತಿದ್ನಿ" ಎಂದರು. "ಇನ್ನ ಬೆಳಕು ಹೋಗೂದಿಲ್ಲ, ಹಿಂಗ ಉಳದ ಬಿಡ್ತೈತಿ ಅಂತ. ಗಿಡದ ಬುಡಕ್ಕ ಕುಂತು ರಹೀಮುನ್ನಿಸಾನ ಮಾರಿ ನೆನಪ ಮಾಡ್ಕೋತಿದ್ನಿ. ಮೂಗು ಹೆಂಗೈತಿ, ಹಣಿ ಹೆಂಗೈತಿ, ಮರೀಬಾರದಂತ."

ಹಾಗೆ ಅಂದುಕೊಳ್ಳುತ್ತ ಕುಳಿತವರನ್ನು ನಾನು ದೂರದಿಂದ ನೋಡಿ ಸೊಕ್ಕು ಎಂದುಕೊಂಡಿದ್ದೆ. ಅಷ್ಟು ಅಂಜಿಕೆ ಇಟ್ಟುಕೊಂಡೂ ಆ ಮನುಷ್ಯ ಗಾಡಿಯನ್ನು ಮೆಲ್ಲಗೆ, ಒಂದು ಮಗುವಿನ ನಿದ್ದೆಯೂ ಕೆಡದಂತೆ ಬದಿಗೆ ಹಚ್ಚುತ್ತಿದ್ದರು.

ಮನೆಗೆ ಬಂದು ಹೇಳಿದಾಗ ರಹೀಮುನ್ನಿಸಾಬಾಯಿಯವರು ಗಂಡನ ತೋಳಿನ ದರ್ಗಾದ ದಾರವನ್ನು ಒಮ್ಮೆ ಮುಟ್ಟಿದರು. "ಡಾಕ್ಟರ ಮಾತೂ ಖರೆ. ಇದೂ ಇರ್ಲಿ" ಎಂದರು. ನನಗೆ ಊಟ ಹಾಕದೆ ಬಿಡಲಿಲ್ಲ. ಮನೆಯಲ್ಲಿ ಅನ್ನ, ಬೇಳೆ ಮಾತ್ರ ಉಂಡೆ. ನಾನು ಜಂಗಮರವನೆಂದು ಕೇಳದೆಯೇ ತಿಳಿದು ಬೇರೆ ಗಡಿಗೆಯಲ್ಲಿ ಬೇಯಿಸಿದ್ದರು.

ಮಾರ್ಚ್ ೮

ಕಾಸಿಂಸಾಬರು ಮಾಲಕರಿಗೆ ಹೇಳಿಬಿಡೋಣ ಎನ್ನುತ್ತಾರೆ. ಬೇಡವೆಂದು ನಾನೇ ತಡೆದಿದ್ದೇನೆ. ನನಗೊಂದು ಉಪಾಯ ಸಿಕ್ಕಿದೆ. ಇವತ್ತು ಬೆಳಕು ಬಂದಾಗ ನಾನು ಹಿಂದೆ ಓಡಿ, ಒಲೆಯ ಬಾಗಿಲು ತೆಗೆದು, ಕೋಲಿನಿಂದ ಕೆದಕುತ್ತ, "ಗ್ಯಾಸ ಆರೈತ್ರಿ, ಇದ್ದಲಿ ತುಂಬಬೇಕು" ಎಂದು ಕೂಗಿದೆ. ಒಬ್ಬರೂ ಪಿಟ್ಟೆನ್ನಲಿಲ್ಲ. ಇಳಿದು ಎಲೆ ಅಡಿಕೆ ಹಾಕಿಕೊಂಡರು. ಯುದ್ಧದ ಕಾಲದಲ್ಲಿ ಒಲೆಯನ್ನು ಬೈಯಲು ಎಲ್ಲರಿಗೂ ಒಪ್ಪಿಗೆ.

ಕಾಸಿಂಸಾಬರಿಗೆ ಮಾತ್ರ ಹಿಡಿಸಲಿಲ್ಲ. "ತಪ್ಪು ಒಲಿ ಮ್ಯಾಲ ಯಾಕ ಹಾಕ್ತೀರಿ ಮಾಸ್ತರ" ಎಂದರು.

ಮಾರ್ಚ್ ೨೬

ಯುಗಾದಿಗೆಂದು ಮಳಗಿಗೆ ಹೋಗಿದ್ದೆ. ಅವ್ವನಿಗೆ ಹೇಳಿದೆ. ಕಂಡಕ್ಟರನೆಂದರೆ ಏನು ಎಂದು ಕೇಳಿದಳು. ವಿವರಿಸುತ್ತ ಹೋದೆ. ಒಲೆ, ಪಂಖಾ, ಏರು, ಕಾಸಿಂಕಾಕಾ. "ಕಾಸಿಂಕಾಕಾ ಕಾಸಿಂಕಾಕಾ ಅಂತ ಅದೆಷ್ಟ ಸಲ ಅಂತೀಯೋ" ಎಂದು ನಕ್ಕಳು. ಕಾಕಾಗೆಂದು ಹೋಳಿಗೆ ಕಟ್ಟಿಕೊಟ್ಟಿದ್ದಾಳೆ.

ಏಪ್ರಿಲ್ ೧೪

ಇವತ್ತಿನದನ್ನು ಪೂರ್ತಿ ಬರೆಯಬೇಕು.

ಮಧ್ಯಾಹ್ನ ದಾಂಡೇಲಿಯಲ್ಲಿ ನಿಂತಾಗ ಜೋಯಿಡಾದ ಕಡೆಯಿಂದ ಒಂದು ಚಕ್ಕಡಿ ಬಂತು. ಅದರಲ್ಲಿ ದಿನ ತುಂಬಿದ ಬಸುರಿ, ತಾಯವ್ವ ಅಂತ. ಜೊತೆಗೆ ಅವಳ ತಾಯಿ ಹೊಳೆವ್ವ. ನೋವು ಹತ್ತಿ ಒಂದು ದಿನವಾದರೂ ಹೆರಿಗೆಯಿಲ್ಲ. ಕೂಸು ಅಡ್ಡ ಇದೆ, ಹಳಿಯಾಳದ ದವಾಖಾನೆಗೆ ಒಯ್ಯಿರಿ ಎಂದು ಸೂಲಗಿತ್ತಿ ಹೇಳಿದ್ದಳಂತೆ. ಹಿಂದಿನ ಉದ್ದ ಬಾಕಿನ ಮಂದಿಯನ್ನು ಎಬ್ಬಿಸಿ ಅವಳನ್ನು ಅದರ ಮೇಲೆ ಮಲಗಿಸಿದೆವು. ಇದ್ದಲಿಯ ಕರಾರಿಗೆಂದು ದಾಂಡೇಲಿಗೆ ಬಂದಿದ್ದ ಮಾಲಕ ಕರಿಬಸಪ್ಪನವರೂ ಅದೇ ಗಾಡಿಯಲ್ಲಿ, ಕಾಕಾನ ಮಗ್ಗುಲಲ್ಲಿ ಕುಳಿತಿದ್ದರು.

ಅಡವಿಯ ನಡುವೆ, ಇಳುಕಲು ಶುರುವಾಗುವ ಮುಂಚೆ, ಗಾಡಿ ಸಾವಕಾಶವಾಯಿತು. ನನಗೆ ತಿಳಿಯಿತು.

ರೂಢಿಯಂತೆ ಹಿಂದೆ ಓಡಿ ಒಲೆ ಕೆದಕತೊಡಗಿದೆ. ಮಾಲಕರೂ ಬಂದರು. ಒಲೆಯ ಬಾಗಿಲಿಗೆ ಬಗ್ಗಿ ನೋಡಿ, "ನಿಗಿನಿಗಿ ಉರಿಯಾಕ ಹತ್ತೇತಲ್ಲೋ. ಗ್ಯಾಸ ಎಲ್ಲಿ ಆರೈತಿ?" ಎಂದರು. ನಾನು ಕೆದಕುತ್ತಲೇ ಇದ್ದೆ.

ಅಷ್ಟರಲ್ಲಿ ಕಾಕಾ ಇಳಿದು ಎಲ್ಲರ ಎದುರಿಗೆ ನಿಂತರು. "ಒಲಿ ಬರೋಬ್ಬರಿ ಐತ್ರಿ ಮಾಲಕ್ರ. ನನ್ನ ಕಣ್ಣಿಗೆ ಈಗ ಅರ್ಧಾ ಕಾಣವಲ್ದು. ಸ್ವಲ್ಪ ಹೊತ್ತು. ಆಮ್ಯಾಲ ಸರಿ ಆಕ್ಕೈತಿ. ಅಲ್ಲೀ ತನಕ ನಾ ಹೊಡಿಯೂದಿಲ್ಲ."

ಮಾಲಕರು ಕೆಂಪಾದರು. "ಒಳಗ ಒಂದ ಜೀವ ಒದ್ದಾಡಾಕ ಹತ್ತೈತಿ. ಅರ್ಧಾ ಕಾಣ್ತೈತಲ್ಲಾ, ಅಷ್ಟರಾಗ ಹೊಡಿ. ಇಲ್ಲಾ, ನಾಳಿಂದ ನನ್ನ ಗಾಡಿ ಹತ್ತಬ್ಯಾಡ."

"ಆಗ್ಲಿ ಮಾಲಕ್ರ" ಎಂದರು ಕಾಕಾ. ಕೆಲಸ ಹೋದರೂ ಹೊಡೆಯುವುದಿಲ್ಲ ಎಂದು ಅದರ ಅರ್ಥ. ಗಾಡಿ ಚಾಲೂ ಮಾಡುವ ಹ್ಯಾಂಡಲನ್ನು ನನ್ನ ಕೈಗೆ ಕೊಟ್ಟು, ತಗ್ಗಿನ ಅಂಚಿಗೆ ಕುಳಿತು ಕಣ್ಣು ಮುಚ್ಚಿದರು.

ಜನ ಎದ್ದರು. ಒಬ್ಬ, ತಾನು ಲಾರಿಯಲ್ಲಿ ಕ್ಲೀನರಾಗಿದ್ದೆ, ಹೊಡೆಯುತ್ತೇನೆ, ಹ್ಯಾಂಡಲು ಕೊಡು ಎಂದು ಕೈಚಾಚಿದ. ಮಾಲಕರೂ "ಕೊಡೋ ಅವಂಗ" ಎಂದರು. ನಾನು ಕೊಡಲಿಲ್ಲ. ಅದು ಯಾವಾಗ ನನ್ನ ಬೆನ್ನ ಹಿಂದೆ ಹೋಯಿತೋ ತಿಳಿಯದು.

"ಧಾರವಾಡದ ಡಾಕ್ಟರ ಕಡೆ ನಾನ ಕರಕೊಂಡ ಹೋಗಿದ್ನ್ರಿ" ಎಂದೆ. "ಇದು ತಾಸಿನ ಒಳಗ ಹೊಕ್ಕೈತಿ. ಇವರದು ಅರ್ಧ ತಾಸಿನ ಮ್ಯಾಲ ನಿಂತದ್ದು ನಾ ನೋಡಿಲ್ಲ. ಈಗಾಗ್ಲೇ ಅದರಾಗ ಸ್ವಲ್ಪ ಕಳದೈತಿ. ಮುಂದ ಇಳುಕಲು, ಬಾಜೂಕ ಹೊಳಿ. ಕಾಣದವ್ರ ಕೈಯಾಗೂ ಕೊಡಾಂಗಿಲ್ಲ, ಬರದವ್ರ ಕೈಯಾಗೂ ಕೊಡಾಂಗಿಲ್ಲ."

ನನ್ನ ದನಿ ಅಷ್ಟು ದೊಡ್ಡದು ಎಂದು ಗೊತ್ತಿರಲಿಲ್ಲ. ಸಾಲೆಯಲ್ಲಿ ಹುಡುಗರು ಹಿಂದಿನ ಸಾಲಿಗೆ ಕೇಳಿಸುವುದಿಲ್ಲ ಎನ್ನುತ್ತಿದ್ದರು.

ಆಗ ಹೊಳೆವ್ವ ಗಾಡಿಯಿಂದ ಇಳಿದು ಬಂದಳು. ನೇರ ಕಾಕಾನ ಎದುರಿಗೆ ಕುಕ್ಕರಗಾಲಲ್ಲಿ ಕುಳಿತಳು.

"ಈಗ ನನ್ನ ಮಾರಿ ಕಾಣ್ತೈತೇನಪ್ಪಾ ನಿನಗ?"

ಕಾಕಾ ಕಣ್ಣು ತೆರೆದರು. "ಬಾಯಿ ಕಾಣ್ತೈತಿ ಅವ್ವಾ. ಎಡಗಣ್ಣು ಕಾಣವಲ್ದು. ಬೆಳಕು ಬಾಜೂಕ ಸರದೈತಿ. ಬರೂ ದಾರಿ ಮುಗದೈತಿ, ಹೋಗೂ ದಾರಿ ಹಿಡದೈತಿ."

"ಹೋದ ಮ್ಯಾಲ ಖರೇನ ಹೊಡೀತೀಯಿಲ್ಲೋ?"

"ನನ್ನ ತಲಿ ಒಡದ್ರೂ ಹೊಡೀತೇನಿ."

ಹೊಳೆವ್ವ ಎದ್ದು ಸೆರಗು ಝಾಡಿಸಿದಳು. ಮಾಲಕರ ಕಡೆಗೆ ತಿರುಗಿ, "ನನ್ನ ಮಗಳ ಸಲುವಾಗಿ ಅವಸರ ಮಾಡವ್ರು ನೀವಲ್ರಿ, ನಾನು. ನಾ ಕಾಯ್ತೇನಿ. ಇಷ್ಟ ಮಂದಿಯೊಳಗ ಖರೆ ಹೇಳಿದಂವ ಇವನೊಬ್ಬ" ಎಂದು ಹೇಳಿ ಮಗಳ ಹತ್ತಿರ ಹೋದಳು. ಅವಳು ಹಾಗೆಂದ ಮೇಲೆ ಬೇರೆಯವರು ಏನೆನ್ನಬೇಕು? ಜನ ಮರದ ನೆರಳಿಗೆ ಹೋಗಿ ಕುಳಿತರು.

ಆ ಹೊತ್ತು ಹೇಗೆ ಹೋಯಿತೋ. ನಾನು ಒಲೆಗೆ ಇದ್ದಲಿ ತುಂಬಿದೆ, ಈ ಸಲ ಖರೆಯಾಗಿ. ತಾಯವ್ವನ ನರಳಾಟ ಕೇಳಿದಾಗಲೆಲ್ಲ ಕಾಕಾನ ಹೆಗಲು ಕುಗ್ಗುತ್ತಿತ್ತು. ಏಳಲಿಲ್ಲ. ಆ ನರಳಾಟ ಕೇಳುತ್ತ ಏಳದೆ ಕುಳಿತಿರುವುದಕ್ಕೆ ಎಂಥ ಗುಂಡಿಗೆ ಬೇಕು ಎಂದು ನನಗೆ ಆ ಕ್ಷಣದಲ್ಲಿ ತಿಳಿಯಿತು. ನಾನಾಗಿದ್ದರೆ ಮಂದಿಯ ಬಾಯಿಗೆ ಅಂಜಿ ಚಕ್ರ ಹಿಡಿದುಬಿಡುತ್ತಿದ್ದೆ. ಎಲ್ಲರನ್ನೂ ಹೊಳೆಗೆ ಹಾಕುತ್ತಿದ್ದೆ.

ಕಡೆಗೆ ಕಾಕಾ ತಲೆಯೆತ್ತಿ ಒಂದು ಮರದ ತುದಿ ನೋಡಿದರು, ಆಮೇಲೆ ತಮ್ಮ ಕೈಯ ಬೆರಳುಗಳನ್ನು, ಆಮೇಲೆ ನನ್ನನ್ನು. "ಹೋತು. ಹೊಡೀರಿ ಹ್ಯಾಂಡಲ" ಎಂದರು.

ಇಳುಕಲಿನಲ್ಲಿ ಗಾಡಿ ಹೂವಿನಂತೆ ಇಳಿಯಿತು. ನೋವು ಅಷ್ಟರಲ್ಲೇ ಶುರುವಾಗಿತ್ತು. ಹಣೆಗೆ ನನ್ನ ಶಲ್ಯ ಬಿಗಿಸಿಕೊಂಡಿದ್ದರು. ಎರಡು ಸಲ ಗಾಡಿ ನಿಲ್ಲಿಸಿ ಹೊರಗೆ ಬಗ್ಗಿ ವಾಂತಿ ಮಾಡಿ, ಬಾಯಿ ಒರೆಸಿಕೊಂಡು ಮತ್ತೆ ಹೊಡೆದರು. ಮಾಲಕರು ಮಗ್ಗುಲಲ್ಲಿ ನೀರಿನ ತಂಬಿಗೆ ಹಿಡಿದು ಕುಳಿತದ್ದನ್ನು ನಾನು ಹಿಂದಿನಿಂದ ನೋಡಿದೆ. ಹೊತ್ತು ಮುಳುಗುವ ಮೊದಲೇ ದವಾಖಾನೆ ಮುಟ್ಟಿದೆವು.

ಏಪ್ರಿಲ್ ೧೫

ಗಂಡು ಕೂಸು. ತಾಯವ್ವ ಬಹಳ ಸೋತಿದ್ದಾಳೆ, ಅಪಾಯವಿಲ್ಲ ಎಂದರು. ಕಾಕಾ ಇನ್ನೂ ಮನೆಯ ಕತ್ತಲೆ ಕೋಣೆಯಲ್ಲಿ ಮಲಗಿದ್ದಾರೆ. ಬಾಗಿಲ ಹೊರಗಿನಿಂದಲೇ ಸುದ್ದಿ ಹೇಳಿದೆ. ಒಳಗಿನಿಂದ "ಅಲ್ಹಮ್ದುಲಿಲ್ಲಾ" ಎಂದಷ್ಟೇ ಕೇಳಿತು.

ಏಪ್ರಿಲ್ ೧೭

ಮಾಲಕರು ಕರೆಸಿರಲಿಲ್ಲ, ನಾನೇ ಹೋದೆ. ಕಾಸಿಂಕಾಕಾ ಇಲ್ಲದಿದ್ದರೆ ನಾನೂ ಬರುವುದಿಲ್ಲ ಎಂದೆ.

ಅವರು ಕೂಗಾಡಲಿಲ್ಲ. ಕುಂದರು ಎಂದರು. "ಅಂಜಿಕಿ ಆದ್ರ ನನಗ ಸಿಟ್ಟು ಬರ್ತೈತಿ ಬಸಲಿಂಗಯ್ಯ. ಅವತ್ತ ಭಾಳ ಅಂಜಿಕಿ ಆಗಿತ್ತು" ಎಂದರು. ಆಮೇಲೆ, "ಖರೆ, ಆದ್ರ ತಿರುವಿನ್ಯಾಗ ಬಂದ್ರ?"

"ಬೆಳಕು ಒಮ್ಮಿಗೇ ಬರೂದಿಲ್ರಿ. ಚುಕ್ಕಿ ಇದ್ದಾಗ ನಿಂದರಸ್ತಾರ. ನಿಂದರಸೂ ಡ್ರೈವರಗ ಅಂಜೂದ ಬ್ಯಾಡ್ರಿ. ನಿಂದರಸದವ್ರಿಗೆ ಅಂಜಬೇಕು."

ಮಾಲಕರು, ಗಾಡಿಯಲ್ಲಿ ಗಾಡಿ ಬಲ್ಲವನು ಇನ್ನೊಬ್ಬ ಇದ್ದರೆ ಮಾತ್ರ ಆಗಬಹುದು ಎಂದರು. ಯಾರು ಎಂದೆ. ನನ್ನ ಕಡೆಗೇ ಬೆರಳು ಮಾಡಿದರು.

ಮೇ ೩

ಗಾಡಿ ಹೊಡೆಯಲು ಕಲಿಯುತ್ತಿದ್ದೇನೆ. ಗೇರು ಹಾಕುವಾಗ ಹಲ್ಲು ಕಡಿದಂತೆ ಸದ್ದು. ಕಾಕಾ ಬೈಯುವುದಿಲ್ಲ. "ಕಿವಿಯಿಂದ ಕೇಳ್ರಿ ಮಾಸ್ತರ, ಅದ ಹೇಳ್ತೈತಿ" ಎನ್ನುತ್ತಾರೆ. ಇವತ್ತು ಗಾಡಿ ಸಮೇತ ಬೇಲಿಗೆ ಹೋದೆ.

ಮೇ ೨೧

ಬೇಲಿಗೆ ಹೋಗಲಿಲ್ಲ.

ಜುಲೈ ೯

ಲಾಯಸೆನ್ಸ್ ಬಂತು. ರಹೀಮುನ್ನಿಸಾಬಾಯಿ ಸಕ್ಕರೆ ಹಂಚಿದರು.

ಆಗಸ್ಟ್ ೨

ಮಳೆ ನಿಂತು ಹೊಳವಾಗಿತ್ತು. ಜೋಯಿಡಾದಿಂದ ತಿರುಗಿ ಬರುವಾಗ ಕಾಕಾ ಗಾಡಿ ಬದಿಗೆ ಹಚ್ಚಿ, "ಬಂತ್ರಿ ಮಾಸ್ತರ" ಎಂದರು. ಜನರಿಗೂ ಅದನ್ನೇ ಹೇಳಿದೆ, ಡ್ರೈವರರಿಗೆ ಬೆಳಕು ಬಂದಿದೆ, ನಾನು ಹೊಡೆಯುತ್ತೇನೆ ಎಂದು. ಈ ದಾರಿಯವರಿಗೆಲ್ಲ ಈಗ ಗೊತ್ತು. ಒಬ್ಬ ಮುದುಕ, ಹೊಡಿ ಹೊಡಿ ಎಂದು ಕೈ ಮಾಡಿ ಮತ್ತೆ ತೂಕಡಿಸಿದ. ಕಾಕಾ ಮಗ್ಗುಲಿಗೆ ಸರಿದು ಕುಳಿತರು. ನಾನು ಚಕ್ರ ಹಿಡಿದೆ.

ಸ್ವಲ್ಪ ದೂರ ಬಂದ ಮೇಲೆ ಓರೆಗಣ್ಣಿನಿಂದ ನೋಡಿದೆ. ಅವರು ಕಣ್ಣು ಮುಚ್ಚಿರಲಿಲ್ಲ. ಆಕಾಶದ ಒಂದು ಮೂಲೆಯನ್ನು ದಿಟ್ಟಿಸುತ್ತಿದ್ದರು. ತುಟಿಯಲ್ಲಿ ಸಣ್ಣ ನಗು.

"ತ್ರಾಸ ಆಗಾಕ ಹತ್ತೇತೇನು ಕಾಕಾ?"

"ಇಲ್ರಿ. ತಲಿನೋವು ಬರ್ಲಿ ಬಿಡ್ರಿ, ಅದು ಬರೂದ ಐತಿ." ಕಿಡಕಿಯ ಅಂಚಿಗೆ ಮೊಣಕೈ ಊರಿದರು. "ಇಷ್ಟ ವರ್ಷ ಅಂಜಿ ಕುಂತು ಇದನ್ನ ಸರೀಗೆ ನೋಡೇ ಇರ್ಲಿಲ್ಲ ಮಾಸ್ತರ. ಅಂಚಿನ್ಯಾಗ ಹಸರು ಐತಿ, ನೀಲಿ ಐತಿ. ನೀರಾಗ ಬಿಸಲು ಬಿದ್ದಂಗ ಕುಣ್ಯಾಕ ಹತ್ತೈತಿ. ಭಾಳ ಚೆಂದ ಐತಿ."

ನಾನು ರಸ್ತೆಯಿಂದ ಕಣ್ಣು ತೆಗೆಯಲಿಲ್ಲ. ಅದು ದಾಟಿ ಹೋಗುವ ತನಕ ಕಾಕಾ ತಮಗೆ ಕಂಡದ್ದನ್ನು ಹೇಳುತ್ತಲೇ ಇದ್ದರು.